ಒಗ್ಗರಣೆ ಸೌಟು

ಚನ್ನಗಿರಿಯ ಆಸ್ಪತ್ರೆಯಲ್ಲಿ ನನ್ನ ಎದುರು ಗಂಡ ಹೆಂಡತಿ ಕೂತಿದ್ದರು. ಹೆಂಡತಿಯ ಮಡಿಲಲ್ಲಿ ಸೊರಗಿದ ಮಗು.

"ಪಾಪು ರಕ್ತದಾಗೆ ಸೀಸ ಐತಂತೆ. ಎಲ್ಲಿಂದ ಬಂತ್ರೀ?"

"ಸೂಳೆಕೆರೆ ಮೀನು ಹಿಡಿಯಾಕೆ ಗಾಳಕ್ಕೆ ಕಟ್ಟೋ ರಬ್ಬರ್ ಮೀನು ಮಾಡ್ತೀನಲ್ಲ. ನೀರಾಗೆ ಮುಳುಗಾಕೆ ಅದರ ಹೊಟ್ಟೆಗೆ ಸೀಸ ಕರಗಿಸಿ ಹುಯ್ತೀನಿ."

"ಕರಗಿಸಿದ್ದು ಯಾವುದ್ರಾಗೆ?"

"ಒಗ್ಗರಣೆ ಸೌಟಿನಾಗೆ. ಆಮೇಲೆ ಹುಣಸೆಹಣ್ಣು ಹಾಕಿ ಚೆನ್ನಾಗಿ ತಿಕ್ಕಿಟ್ಟೆ, ವನಜಾಕ್ಷಿ. ಫಳಫಳ ಹೊಳೀತಿತ್ತು."

"ಅಯ್ಯೋ, ಅದರಾಗೇ ದಿನಾ ಒಗ್ಗರಣೆ ಹಾಕೀನಲ್ರೀ!"

"ಮನೆಗೆ ಹೋದ ತಕ್ಷಣ ಎಸೆದುಬಿಡ್ತೀನಿ."

"ಅದು ಮನೇಲಿಲ್ಲ. ಅಂಗನವಾಡಿ ಸೌಟಿನ ಹಿಡಿ ಮುರಿದಿತ್ತು. ಹೋದ ತಿಂಗಳು ನಾನೇ ಒಯ್ದು ಕೊಟ್ಟೆ."

ನರ್ಸ್ ಮಗುವಿನ ಹೆಸರು ಕೂಗಿದಳು. ವನಜಾಕ್ಷಿ ಮಗುವನ್ನು ಗಂಡನ ಕೈಗೆ ಕೊಟ್ಟು ಎದ್ದಳು.

"ನೀವು ಒಳಗೆ ಹೋಗ್ರಿ. ಅಂಗನವಾಡ್ಯಾಗೆ ಮಕ್ಕಳಿಗೆ ಊಟದ ಹೊತ್ತಾತು" ಎನ್ನುತ್ತಲೇ ಬೀದಿಗೆ ಓಡಿದಳು.