ಅಕ್ಕ ತಿದ್ದಿದ ತಿರುವುಗಳು

ಫಿನ್ಲೆಂಡಿನ ಕುವೊಪಿಯೊದಲ್ಲಿ ಹಿಮದ ಮೇಲಿನ ಕಾರ್ ರ‍್ಯಾಲಿ ಆಗಷ್ಟೇ ಮುಗಿದಿತ್ತು. ಕಾಫಿಯ ಸಾಲಿನಲ್ಲಿ ನನ್ನ ಮುಂದೆ ಚಾಲಕ ತೌನೊ ನಿಂತಿದ್ದ. ಜೊತೆಗೆ, ಪಕ್ಕದ ಸೀಟಿನಲ್ಲಿ ಕೂತು ಅವನಿಗೆ ದಾರಿಯ ತಿರುವುಗಳನ್ನು ಓದಿ ಹೇಳುವ ಅವನಕ್ಕ ಔನೆ. ಆ ತಿರುವುಗಳನ್ನು ಬರೆದುಕೊಂಡ ಅವಳ ನೋಟ್‌ಬುಕ್ಕು ಅವನ ಕೈಯಲ್ಲಿತ್ತು.

“ಅಕ್ಕಾ, ನಾನು ‘ಜೋರು’ ಅಂತ ಬರೆಸಿದ್ದನ್ನೆಲ್ಲ ‘ನಿಧಾನ’ ಅಂತ ತಿದ್ದಿದೀಯಲ್ಲ!”

“ಹೌದು ಕಣೋ.”

“ಯಾವಾಗಿಂದ?”

“ಹೋದ ವರ್ಷ ನೀನು ಮರಕ್ಕೆ ಗುದ್ದಿದಾಗಿಂದ.”

“ಥೂ! ನಾವು ಹಿಂದೆ ಬಿದ್ದಾಗೆಲ್ಲ, ಮುಂದಿನ ಚಕ್ರ ಎಳೆಯೋ ಗಾಡಿ, ಹಿಮದಲ್ಲಿ ಇಷ್ಟೇ ಓಡೋದು ಅಂತ ಅದನ್ನೇ ಬೈಕೊಂಡೆ.”

“ಜೀವ ಉಳೀತಲ್ಲ, ಸಾಲ್ದಾ?”

“ದಾರಿ ಕಾಣದಿದ್ರೂ ನಿನ್ ದನಿ ನಂಬ್ಕೊಂಡು ಓಡಿಸ್ತಿದ್ದೆ.”

“ಇನ್ಮೇಲೆ ಸರಿಯಾಗಿ ಓದ್ತೀನಿ.”

“ಓದು. ನೀನು ‘ಜೋರು’ ಅಂದ್ರೂ ನನ್ ಕಾಲು ಬ್ರೇಕ್ ಮೇಲೇ ಇರುತ್ತೆ.”

ನೋಟ್‌ಬುಕ್ಕನ್ನು ಅವಳ ಕೈಗಿಟ್ಟು ಅವನು ಹೊರನಡೆದ. ಔನೆ ಕಾಫಿಯನ್ನೂ ಕೇಳದೆ ಅವನ ಹಿಂದೆ ಹೋದಳು.