ಒಂದೂವರೆ ಗೇಣು ಕೌದಿ

ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ಕರೆಂಟು ಹೋಗಿ ಗರಗಸದ ಮೆಷಿನ್ನು ನಿಂತಿತ್ತು. ಯಾರೋ ತಮ್ಮ ಅಜ್ಜಿ ಹೆಣೆದ ಶಾಲಿಗೆ ಗಾಜಿನ ಚೌಕಟ್ಟು ಹಾಕಿಕೊಡಿ ಎಂದು ಕೊಟ್ಟುಹೋಗಿದ್ದರು. ಶಾಲು ಚೌಕಟ್ಟಿಗಿಂತ ನಾಲ್ಕು ಬೆರಳು ಉದ್ದವಿತ್ತು. ನಾನು ಕತ್ತರಿ ಎತ್ತಿಕೊಂಡೆ.

“ಇಡೋ ಕೆಳಗೆ,” ಎಂದರು ಮೇಸ್ತ್ರಿ. ಎಂಬತ್ತು ದಾಟಿದ ಮನುಷ್ಯ. ಈಗ ಕೆಲಸಕ್ಕಲ್ಲ, ಮರದ ವಾಸನೆಗೆ ಬರುವವರು. ನಾವು ಮೂವರು ಬಡಗಿಗಳೂ ಹಲಗೆಗಳ ಮೇಲೆ ಕೂತೆವು. ಮೇಸ್ತ್ರಿ ಶುರು ಮಾಡಿದರು.

“ಕೌದಿಯತ್ತೆ ಅಂತ ಒಬ್ಬಳಿದ್ಲು ಕಣ್ರೋ. ಮದುವೆ ಇಲ್ಲ, ಮಕ್ಕಳಿಲ್ಲ, ಅಣ್ಣನ ಮನೇಲಿ ಬೆಳೆದು ಅಣ್ಣನ ಮಗನ ಮನೇಲಿ ಮುದುಕಿಯಾದವಳು. ಹಳೇ ಬಟ್ಟೆ ಸೇರಿಸಿ ಕೌದಿ ಹೊಲಿಯೋದು ಅವಳ ಕೆಲಸ. ಹೇಗೆ ಹೊಲೀತಿದ್ಲು ಗೊತ್ತಾ? ಹೊದೆಯೋರನ್ನ ನೆಲದ ಮೇಲೆ ಮಲಗಿಸಿ, ತಲೆ ಹತ್ರ ಒಂದು ಗೆರೆ, ಹಿಮ್ಮಡಿ ಹತ್ರ ಒಂದು ಗೆರೆ, ಸೀಮೆಸುಣ್ಣದಲ್ಲಿ. ಒಬ್ಬರ ಅಳತೆ ಇನ್ನೊಬ್ಬರಿಗಲ್ಲ. ಕೊನೇದು ತನಗೇ ಅಂತ ಹೊಲ್ಕೊಂಡ್ಲು. ಕಣ್ಣು ಮಂಜು, ಎರಡು ವರ್ಷ ಹಿಡೀತು...

“ಅಣ್ಣನ ಮಗನ ಹೆಂಡತಿಗೆ ಮನೆ ಸಿಂಗರಿಸೋ ಹುಚ್ಚು. ಒಂದು ಕೌದಿ ಸೋಫಾಕ್ಕೆ, ಒಂದು ಮೇಜಿಗೆ, ಒಂದು ಬಾಗಿಲ ಪರದೆಗೆ. ಬಂದೋರಿಗೆಲ್ಲ, ‘ನಮ್ಮನೆ ಹಿರಿಯರ ಕೈಕೆಲಸ, ದುಡ್ಡು ಕೊಟ್ರೂ ಸಿಗಲ್ಲ,’ ಅನ್ನೋಳು. ಆ ಹಿರಿಯಳು ಹಿಂದಿನ ಕೋಣೇಲಿ ಕೂತು ಕೇಳಿಸ್ಕೋತಿದ್ಲು. ನಡುಮನೆಯ ದೊಡ್ಡ ಗೋಡೆ ಮಾತ್ರ ಖಾಲಿ. ಉಳಿದಿದ್ದು ಅತ್ತೆ ಮೈಮೇಲಿನ ಕೌದಿ ಒಂದೇ. ಅದಕ್ಕೆ ಗಾಜಿನ ಚೌಕಟ್ಟು ಹಾಕೋಕೆ ನನಗೆ ಹೇಳಿಕಳಿಸಿದ್ರು.

“ಮುದುಕಿ ಕೌದಿಯ ತುದಿ ಬಿಡಲಿಲ್ಲ. ‘ಇದು ನಾನು ಹೊದ್ಕೊಳೋದಲ್ವೇನೇ ತಾಯಿ?’

“‘ರಗ್ಗು ತಂದಿದೀನಲ್ಲ ಅತ್ತೆ. ಗೋಡೆ ಮೇಲಿದ್ರೆ ನಿಮಗೇ ಮರ್ಯಾದೆ.’

“‘ಮರ್ಯಾದೆ ಹೊದ್ಕೊಂಡು ಮಲಗೋಕಾಗುತ್ತೇನೇ?’

“ಅಣ್ಣನ ಮಗ ಅಲ್ಲೇ ಇದ್ದ. ಪೇಪರಿನಿಂದ ತಲೆ ಎತ್ತಲಿಲ್ಲ.

“ಅತ್ತೆ ಎತ್ತರದ ಹೆಂಗಸು, ಗೋಡೆಗೆ ಕೌದಿ ಒಂದೂವರೆ ಗೇಣು ಹೆಚ್ಚಾಯ್ತು. ಹಿಂದಕ್ಕೆ ಮಡಿಚಬಹುದಿತ್ತು. ಮಡಿಚಿದ್ರೆ ಉಬ್ಬುತ್ತೆ, ಗಾಜು ಸರಿಯಾಗಿ ಕೂರಲ್ಲ, ಚೌಕಟ್ಟು ಬಿಚ್ಚಿ ಮತ್ತೆ ಮಾಡ್ಬೇಕು... ಯಾರಿಗೆ ಬೇಕು? ಕಾಲಿನ ಕಡೆಯಿಂದ ಕತ್ತರಿಸಿಬಿಟ್ಟೆ. ಮುದುಕಿ ಗೋಡೆ ಹಿಡ್ಕೊಂಡು ಹೊರಗೆ ಬಂದ್ಲು. ‘ಆ ತುಂಡಾದ್ರೂ ಕೊಡಪ್ಪ, ಕಾಲಿಗೆ ಸುತ್ಕೋತೀನಿ.’ ಅಷ್ಟರಲ್ಲಿ ನಾನು ಅದನ್ನ ಪಾಲಿಷ್ ಡಬ್ಬಿಗೆ ಅದ್ದಿ ಚೌಕಟ್ಟು ಉಜ್ತಾ ಇದ್ದೆ.

“ರಗ್ಗು ಮೊಣಕಾಲಿನ ತನಕ ಬರ್ತಿತ್ತು. ಚಳಿಗಾಲ. ಎಂಟನೇ ದಿನ ಸತ್ತುಹೋದ್ಲು, ಮಂಡಿ ಎದೆಗೆ ಅವಚಿಕೊಂಡು. ನಾಲ್ಕು ಜನ ಒತ್ತಿದ್ರೂ ಕಾಲು ನೆಟ್ಟಗಾಗಲಿಲ್ಲ. ಕೊನೆಗೆ ಏನೋ ಲಟಕ್ ಅಂತು, ಆಗ ಆಯ್ತು.

“ತಿಂಗಳು ಕಳೀತು. ಗಾಜಿನ ಒಳಗಡೆ ಹಬೆ ಕಟ್ತಿದೆ ಬನ್ನಿ ಅಂದ್ರು. ಬಿಚ್ಚಿದೆ. ಕೌದಿ ಬೆಚ್ಚಗಿತ್ತು ಕಣ್ರೋ, ಈಗಷ್ಟೇ ಯಾರೋ ಎದ್ದುಹೋದ ಹಾಸಿಗೆ ಹಾಗೆ. ನಾನು ಕತ್ತರಿಸಿದ ಅಂಚಿನಲ್ಲಿ ಒಂದು ಬೆರಳು ಅಗಲ ಹೊಸ ತೇಪೆ. ಯಾವ ಬಟ್ಟೆ ಇದು ಅಂತ ಮುಟ್ಟಿದೆ... ದೊರಗು. ಸಣ್ಣ ಸಣ್ಣ ಬಿರುಕು. ಹಿಮ್ಮಡಿ ಮುಟ್ಟಿದ ಹಾಗೆ. ತಿರುಗಿ ನೋಡ್ತೀನಿ, ಅಣ್ಣನ ಮಗನ ಹೆಂಡತಿ ಕಾಲು ನೀಡಿ ಕೂತು ಉಜ್ಕೋತಿದಾಳೆ. ‘ಬೆರಳುಗಳು ಯಾಕೋ ಮರಗಟ್ಟಿವೆ ಮೇಸ್ತ್ರಿ.’

“ಗಾಜು ಒರೆಸಿ ಮತ್ತೆ ಮುಚ್ಚಿ ಬಂದೆ. ಕೌದಿ ಬೆಳೀತಾ ಹೋಯ್ತು, ಅವಳ ಕಾಲು ಕಪ್ಪಾಗ್ತಾ ಹೋಯ್ತು. ಡಾಕ್ಟರು ಮೊದಲು ಬೆರಳು ತೆಗೆದ್ರು, ಆಮೇಲೆ ಪಾದ, ಆಮೇಲೆ ಇನ್ನೂ ಮೇಲಕ್ಕೆ. ಕೊನೆಗೆ ಮರದ ಕಾಲು ಮಾಡಿಕೊಡಿ ಅಂತ ನನಗೇ ಹೇಳಿಕಳಿಸಿದ್ರು. ಅಳತೆ ಹಿಡಿದೆ. ಹೋಗಿದ್ದು ಎಷ್ಟು ಅಂತ ನಾನು ಹೇಳ್ಬೇಕಾ? ಅವತ್ತೇ ಚೌಕಟ್ಟಿನ ಕೆಳಪಟ್ಟಿ ಸಿಡಿದು, ಕೌದಿ ಪೂರ್ತಿ ಉದ್ದ ಇಳಿಬಿದ್ದಿತ್ತು. ಮಾರನೇ ದಿನ ಗೋಡೆ ಮೇಲೆ ಮೊಳೆ ಮಾತ್ರ.

“ಅತ್ತೆ ತನ್ನದು ತಗೊಂಡು ಹೋದ್ಲು, ಅಲ್ಲಿಗೆ ಮುಗೀತು ಅಂದ್ಕೊಂಡಿದ್ದೆ...”

ಮೇಸ್ತ್ರಿ ಬೀಡಿ ಹಚ್ಚಲು ಕಡ್ಡಿ ಗೀರಿದರು. ಬೀಡಿ ಹತ್ತಿತು. ಕಡ್ಡಿ ಉರಿಯುತ್ತಾ ಬೆರಳಿಗೆ ಬಂತು, ಉಗುರಿಗೆ ಬಂತು. ಅವರು ಬಿಸಾಡಲಿಲ್ಲ. ಸುಟ್ಟ ವಾಸನೆ ಬಂದಾಗ ನಾನೇ ಅದನ್ನು ಹೊಡೆದು ಕೆಡವಿದೆ.

“ಉರಿ ಎಲ್ಲಿಂದ ಬರ್ಬೇಕೋ? ಕತ್ತರಿ ಹಿಡಿದ ಕೈ ಇದು. ಹೋದ ವರ್ಷ ಕಿರುಬೆರಳಿನಿಂದ ಮರಗಟ್ಟೋಕೆ ಶುರುವಾಯ್ತು, ಈಗ ಮಣಿಕಟ್ಟು ದಾಟಿದೆ. ಬೆಳಿಗ್ಗೆ ಎದ್ದು ನೋಡಿದ್ರೆ ಸುತ್ತಲೂ ಸೂಜಿ ಚುಚ್ಚಿದ ಗುರುತು...” ಅವರು ಅಂಗಿಯ ತೋಳು ಮಡಚಿ ಕೈಯನ್ನು ನಮ್ಮ ಮುಂದೆ ಚಾಚಿದರು. “ನೋಡ್ರೋ, ಒಂದು ಹೊಲಿಗೆಯಾದ್ರೂ ಸೊಟ್ಟಗಿದೆಯಾ? ಕಣ್ಣು ಮಂಜಾಗಿತ್ತು ಅಂತಿದ್ರು ಅವಳಿಗೆ.”