ಮಗ್ಗಿಗೆ ಹೊಡೆದ ಗೂಟ

ತರೀಕೆರೆ ಬಸ್ ನಿಲ್ದಾಣದಲ್ಲಿ ಕಾಶಮ್ಮ ಮತ್ತು ಅವರ ಸೊಸೆ ಅಶ್ವಿನಿ ನನ್ನ ಪಕ್ಕದಲ್ಲೇ ಕೂತು ಕಡೂರು ಬಸ್ಸಿಗೆ ಕಾಯುತ್ತಿದ್ದರು. ಸೊಸೆಗೆ ಅಂದು ಎರಡನೇ ಸಲ ಕಂಪ್ಯೂಟರ್ ಪರೀಕ್ಷೆ. ಪಾಸಾದರೆ ಪಂಚಾಯ್ತಿಯಲ್ಲಿ ಕೆಲಸವಂತೆ.

"ಹೋದ್ಸಲ ಎಲ್ಲೇ ಎಡವಿದ್ದು?"

"ಎಕ್ಸೆಲ್‌ನಲ್ಲಿ ಮಗ್ಗಿ ಮಾಡಿ ಅಂದಿದ್ರು, ಅತ್ತೆ."

"ಮಗ್ಗಿನೂ ಬರಲ್ವೇನೇ ನಿಂಗೆ?"

"ಮಗ್ಗಿ ಬರುತ್ತೆ, ಗೂಟ ಹೊಡಿಯೋಕ್ ಬರ್ಲಿಲ್ಲ. ಪಟ್ಟಿಲಿ ಒಂದ್ ಮನೇಲಿ ಲೆಕ್ಕ ಬರ್ದು ಮೌಸಲ್ಲಿ ಎಳುದ್ರೆ ಉಳಿದ್ ಮನೆನೂ ತುಂಬ್ತವೆ. ಡಾಲರ್ ಗುರ್ತು ಹಾಕಿದ್ದು ಮಾತ್ರ ಗೂಟಕ್ಕೆ ಕಟ್ಟಿದಂಗೆ, ಕದಲಲ್ಲ. ನಾನು ಹೆದ್ರಿ ಎಲ್ಲಕ್ಕೂ ಹಾಕ್ಬಿಟ್ಟೆ."

"ಆಮೇಲೆ?"

"ಪಟ್ಟಿ ತುಂಬಾ ಒಂದೊಂದ್ಲ ಒಂದು!"

ಕಾಶಮ್ಮ ಸೆರಗು ಬಾಯಿಗಿಟ್ಟು ನಕ್ಕರು.

"ನಗ್ಬೇಡಿ. ಒಂದೊಂದ್ ಮನೆಗೂ ಒಂದ್ ಅಕ್ಷರ, ಒಂದ್ ನಂಬರ್ ಸೇರಿ ಹೆಸ್ರು ಇರುತ್ತೆ. ಎಡಗಡೆ ಅಂಕಿಗೆ ಅಕ್ಷರ ಮಾತ್ರ ಕಟ್ಬೇಕು, ಮೇಲಿನ್ ಸಾಲಿನ ಅಂಕಿಗೆ ನಂಬರ್ ಮಾತ್ರ."

"ಉಳಿದರ್ಧ?"

"ಮೇಯ್ಕೊಂಡ್ ಹೋಗ್ಲಿ, ಬಿಡ್ಬೇಕು. ಹಂಗಾದ್ರೇನೇ ಮಗ್ಗಿ ಬೆಳಿಯೋದು."

"ಅಲ್ಲೋಗಿ ಮತ್ತೆ ಹೆದ್ರುದ್ರೆ?"

"ಹೆದರ್ತೀನಿ ಅತ್ತೆ. ಹೆದರ್ಕೊಂಡೇ ಸರಿಯಾಗಿ ಬರೀತೀನಿ."

ಬಸ್ಸು ಬಂತು. ಬಾಗಿಲಲ್ಲಿ ನೂಕುನುಗ್ಗಲು. ಅಶ್ವಿನಿ ನುಗ್ಗಿ ಹತ್ತಿ, ಒಳಗಿನಿಂದ ಅತ್ತೆಗೆ ಕೈ ನೀಡಿದಳು.